ಕೂತು ಒರೆಸಿದ ನೆಲ

ಮೊಣಕಾಲು ನೋವು ಎಂದು ಹೇಳಿದರೆ ಸಾಕು, ಸುತ್ತಮುತ್ತ ಇದ್ದವರೆಲ್ಲ ಡಾಕ್ಟರಾಗುತ್ತಾರೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹದಿನಾರು ಮನೆ, ಹದಿನಾರು ಮದ್ದು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಎಂದರು ಒಬ್ಬರು, ಮೆಂತೆ ನೆನೆಸಿ ನುಂಗಿ ಎಂದರು ಇನ್ನೊಬ್ಬರು. ಮೇಲಿನ ಮನೆಯ ಅಜ್ಜಿ ತಾಮ್ರದ ಬಳೆಯನ್ನೇ ತಂದು ಕೈಗೆ ತೊಡಿಸಿ ಹೋದರು. ನಾನು ಯಾರಿಗೂ ಬೇಜಾರು ಮಾಡದೆ ಎಲ್ಲವನ್ನೂ ಮಾಡಿದೆ. ಎಕ್ಕದ ಹಾಲು ತಾಗಿ ಚರ್ಮದ ಮೇಲೆ ಗುಳ್ಳೆ ಎದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅದಕ್ಕೂ ಮೊದಲು ಮೂರು ವರ್ಷ ಮಾತ್ರೆ ನುಂಗಿದ್ದೆ. ಥಾಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರಾಗಿದ್ದವಳು ನಾನು. ಬೆಳಿಗ್ಗೆ ಒಂದು ಮಾತ್ರೆ ಹಾಕದಿದ್ದರೆ ಸ್ಟೇಷನ್ನಿನ ಸೇತುವೆ ಹತ್ತಲು ಆಗುತ್ತಿರಲಿಲ್ಲ, ಸಂಜೆ ಇನ್ನೊಂದು ಹಾಕದಿದ್ದರೆ ಇಳಿಯಲು ಆಗುತ್ತಿರಲಿಲ್ಲ. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ನಾನು ಮನೆಗೆ ಬಂದೆ, ಮಾತ್ರೆ ಮಾತ್ರ ಮುಂದುವರಿಯಿತು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡ ಸೋಲುತ್ತ ಬಂದಿದೆ ಎಂದು ಗೊತ್ತಾಗಿ ಆ ದಿನವೇ ಎಲ್ಲ ನೋವಿನ ಮಾತ್ರೆಯೂ ಬಂದ್. ಆಪರೇಷನ್ನಾದರೂ ಮಾಡಿಸೋಣವೆಂದರೆ ಚಿಕ್ಕಂದಿನಿಂದ ಹೃದಯದ ಕವಾಟದ ತೊಂದರೆ. ಅರಿವಳಿಕೆ ಕೊಡುವ ಡಾಕ್ಟರು ಫೈಲನ್ನು ಹಿಂದೆ ಮುಂದೆ ತಿರುವಿ, ಮೊಣಕಾಲಿಗೋಸ್ಕರ ಅಷ್ಟು ಅಪಾಯ ಯಾಕೆ, ಹೇಗೋ ಸುಧಾರಿಸಿಕೊಳ್ಳಿ ಎಂದರು. ಮದ್ದೂ ಬೇಡ, ಕತ್ತರಿಯೂ ಬೇಡ ಎನ್ನುವುದು ಕೆಲವರಿಗೆ ಸಿದ್ಧಾಂತ. ನನಗೆ ಅದು ಉಳಿದಿದ್ದ ಒಂದೇ ದಾರಿ.

ಹಾಗೆ ಸ್ಟೇಷನ್ ಹತ್ತಿರದ ಫಿಸಿಯೋಥೆರಪಿಗೆ ಸೇರಿದೆ. ಅಲ್ಲಿದ್ದ ಹುಡುಗಿ ನಮ್ಮವಳೇ, ಅಪ್ಪ ಅಮ್ಮ ಕುಂದಾಪುರದ ಕಡೆಯವರು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು. ಮೊದಲ ದಿನವೇ ಮುಖದ ಮೇಲೆ ಹೇಳಿಬಿಟ್ಟಳು: "ಆಂಟಿ, ದರ್ದ್ ಜಾಯೇಗಾ ನಹೀ. ಪರ್ ಆಪ್ ಚಲತೇ ರಹೋಗೇ." ನೋವು ಹೋಗುವುದಿಲ್ಲ, ಆದರೆ ಓಡಾಡಿಕೊಂಡಿರುತ್ತೀರಿ. ಹದಿನಾರು ಮದ್ದಿನವರಿಗಿಂತ ಈ ಹುಡುಗಿಯ ಮಾತು ನನಗೆ ಹಿಡಿಸಿತು.

ಅವಳು ಕಲಿಸಿದ್ದು ಸಣ್ಣ ಸಣ್ಣ ಕೆಲಸ. ಮಲಗಿ, ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಹತ್ತು ಎಣಿಸುವುದು. ಕಾಲು ನೇರ ಮಾಡಿ ಒಂದು ಗೇಣು ಎತ್ತಿ ಮತ್ತೆ ಹತ್ತು ಎಣಿಸುವುದು. ಕುರ್ಚಿಯಿಂದ ಕೈ ಊರದೆ ಏಳುವುದು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಜೋಡಿಸಿಯೇ ಮುಂದೆ. ಅದರ ಜೊತೆಗೆ ಬಾರದುಗಳ ಪಟ್ಟಿ. ಕುಕ್ಕರಗಾಲಲ್ಲಿ ಕೂರಬಾರದು ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು, ಅಡಿಗೆರೆ ಬೇರೆ ಎಳೆದಿದ್ದಳು. ಆಮೇಲೆ ನೆಲದ ಮೇಲೆ ಕೂರಬಾರದು, ಬಕೆಟ್ಟು ಎತ್ತಬಾರದು, ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿಳಿಯಬಾರದು. ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆ. ನಮ್ಮದು ಮೂರನೇ ಮಾಳಿಗೆ, ಲಿಫ್ಟಿಲ್ಲ, ಐವತ್ತೆರಡು ಮೆಟ್ಟಿಲು. ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ಜೀವನ ಸವೆಸಿದ ನನ್ನ ಗಂಡ ಆ ಚೀಟಿ ಓದಿ, "ಇದರಲ್ಲಿ ಮನೆಯಲ್ಲಿ ಇರಬಾರದು ಅಂತ ಒಂದು ಬರೆದರೆ ಮುಗೀತು" ಎಂದರು.

ಮನೆಯಲ್ಲಿ ಇರಲು ಸಾಧ್ಯವಾದದ್ದು ಹದಿನೈದು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಒಬ್ಬಳಿಂದ. ಮುಂಬಯಿ ಕಡೆ ಮನೆಗೆಲಸದವಳನ್ನು ಬಾಯಿ ಎನ್ನುವುದು ರೂಢಿ. ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ, ನಾನು ಮಾರಾಯ್ತಿ ಎಂದೇ ಕರೆಯುತ್ತಿದ್ದೆ. ಗುಲ್ಬರ್ಗದ ಕಡೆಯವಳು. ಪಕ್ಕದ ಸ್ಟೇಷನ್ ಠಾಕುರ್ಲಿಯಲ್ಲಿ ಹಳಿಯ ಬದಿಯ ಚಾಳಿನ ಒಂದು ಕೋಣೆಯೇ ಮನೆ. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸಲಾಕೆ ತುಂಬುವವನು, ವಾರಕ್ಕೊಮ್ಮೆ ಬರುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಇವಳ ಏಳು ಮನೆಯ ಕೆಲಸದಿಂದ. ಏಳೂ ನಮ್ಮ ಬಿಲ್ಡಿಂಗಿನಲ್ಲೇ, ಬೇರೆ ಬೇರೆ ಮಾಳಿಗೆಯಲ್ಲಿ. ಪಾತ್ರೆ, ಕಸ, ಲಾದಿ. ಇಲ್ಲಿ ನೆಲಕ್ಕೆ ಲಾದಿ ಎನ್ನುತ್ತಾರೆ, ನೆಲ ಒರೆಸುವುದಕ್ಕೂ ಲಾದಿ ಎಂದೇ ಹೆಸರು.

ಈ ಲಾದಿಯ ವಿಷಯದಲ್ಲಿ ನಾನು ಕೆಟ್ಟವಳು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಅಮ್ಮ ಮಂಡಿಯೂರಿ ಸೆಗಣಿ ಸಾರಿಸಿದ ನೆಲದಲ್ಲಿ ಬೆಳೆದವಳು ನಾನು. ನೆಲ ಎಂದರೆ ಕೂತೇ ಒರೆಸಬೇಕು, ಕೈಯಿಂದಲೇ ಹಿಂಡಬೇಕು, ಮೂಲೆಗೆ ಬೆರಳು ಹೋಗಬೇಕು. ಮಗಳು ಮದುವೆಯಾಗಿ ಕೋಪರಖೈರಣೆಗೆ ಹೋದ ಮೇಲೆ ಒಮ್ಮೆ ಕೋಲಿನ ಮಾಪು ತಂದುಕೊಟ್ಟಿದ್ದಳು, ತುದಿಗೆ ದಾರದ ಜೊಂಪೆ ಇರುವಂಥದ್ದು. ಆಸ್ಪತ್ರೆಗೆ ಸರಿ, ಸ್ಟೇಷನ್ನಿಗೆ ಸರಿ, ಮನೆಗೆ ಎಂಥದ್ದು ಅದು, ಕೋಲಿಗೇನು ಕಣ್ಣುಂಟಾ ಎಂದು ಬಚ್ಚಲಮನೆಯ ಬಾಗಿಲ ಹಿಂದೆ ನಿಲ್ಲಿಸಿಬಿಟ್ಟೆ. ಮಾರಾಯ್ತಿ ಒರೆಸಿ ಹೋದ ಮೇಲೆ ಗೋಡೆಯ ಬುಡದಲ್ಲಿ ಒದ್ದೆ ಬೆರಳು ಎಳೆದು ನೋಡುವುದು ನನ್ನ ಚಾಳಿ. ಬಿಲ್ಡಿಂಗಿನ ಹೆಂಗಸರೆಲ್ಲ ತಮ್ಮ ಮನೆಯಲ್ಲಿ ಅವಳಿಗೆ, ಮೂರನೇ ಮಾಳಿಗೆಯ ಟೀಚರ್ ಮನೆಯ ಹಾಗೆ ಒರೆಸು ಎನ್ನುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬಿದ್ದೂ ಉಂಟು.

ಫ್ರಿಜ್ಜಿನ ಮೇಲೆ ಕುಕ್ಕರಗಾಲು ನಿಷಿದ್ಧ ಎಂಬ ಚೀಟಿ. ಅದರ ಬುಡದಲ್ಲೇ ಅವಳು ಕುಕ್ಕರಗಾಲಲ್ಲಿ ಕೂತು ಬಟ್ಟೆ ಆಡಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ನಾನು ಸೋಫಾದ ಮೇಲೆ ಕಾಲು ಚಾಚಿ, ಟವೆಲ್ ಒತ್ತಿ ಹತ್ತು ಎಣಿಸುತ್ತಿದ್ದೆ. ಎಷ್ಟೋ ತಿಂಗಳು ಹೀಗೆ ನಡೆಯಿತು. ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ಕಂಡದ್ದಲ್ಲ, ಕೇಳಿಸಿದ್ದು. ಆಗ ಡೊಂಬಿವಲಿಯಲ್ಲಿ ದಿನಾ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್. ಮಧ್ಯಾಹ್ನ ಕರೆಂಟು ಹೋದರೆ ಫ್ಯಾನು, ಟೀವಿ, ಮಿಕ್ಸರು ಎಲ್ಲ ನಿಂತು ಬಿಲ್ಡಿಂಗು ಗಪ್‌ಚಿಪ್. ಒಂದು ಮಧ್ಯಾಹ್ನ ಹಾಗೇ ಒರಗಿಕೊಂಡಿದ್ದೆ. ಹೊರಗೆ ಯಾರೋ ಮೆಟ್ಟಿಲು ಇಳಿಯುವ ಸದ್ದು. ಒಂದು ಹೆಜ್ಜೆ, ಅದರ ಪಕ್ಕ ಇನ್ನೊಂದು ಹೆಜ್ಜೆ, ನಿಲ್ಲುವುದು. ಮತ್ತೆ ಒಂದು, ಪಕ್ಕ ಇನ್ನೊಂದು, ನಿಲ್ಲುವುದು. ನಡುವೆ ಕಂಬಿಗೆ ಬಳೆ ತಾಗುವ ಟಿಣ್ ಎಂಬ ಸದ್ದು. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಎರಡೂ ಪಾದ ಒಂದೇ ಮೆಟ್ಟಿಲಿಗೆ ಜೋಡಿಸುವವರು ಇಳಿಯುವ ಸದ್ದು ಅದು, ನನ್ನದೇ ಸದ್ದು. ಮೇಲಿನ ಅಜ್ಜಿಯಿರಬೇಕು, ಪಾಪ, ಬಳೆಯ ಋಣಕ್ಕಾದರೂ ಕೈ ಕೊಡೋಣವೆಂದು ಎದ್ದು ಬಾಗಿಲು ತೆಗೆದೆ.

ಅಜ್ಜಿಯಲ್ಲ, ಮಾರಾಯ್ತಿ. ಗೋಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದಳು. ನನ್ನನ್ನು ಕಂಡದ್ದೇ ತಟ್ಟನೆ ನೆಟ್ಟಗಾಗಿ, ಕಂಬಿ ಬಿಟ್ಟು, ಸೆರಗು ಸಿಕ್ಕಿಸಿ, ಎಲ್ಲರ ಹಾಗೆ ದಡದಡ ನಾಲ್ಕು ಮೆಟ್ಟಿಲು ಇಳಿದಳು. ಐದನೆಯದಕ್ಕೆ ಕಾಲು ಕೈಕೊಟ್ಟು ಅಲ್ಲೇ ಕುಸಿದು ಕೂತಳು. ಬಾಗಿಲು ತೆರೆದಿರುವ ಹೊತ್ತಿನಲ್ಲಿ ಅವಳು ಓಡುತ್ತ ಹತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಈ ಪ್ರಾಯದಲ್ಲೂ ಎಷ್ಟು ಚುರುಕು ಎಂದು ಹೊಟ್ಟೆಕಿಚ್ಚೂ ಪಟ್ಟಿದ್ದೆ. ಆ ಓಟ ನಮಗೆ ತೋರಿಸಲಿಕ್ಕೆ. ಮಧ್ಯಾಹ್ನ ಎಲ್ಲರ ಬಾಗಿಲು ಮುಚ್ಚಿರುವಾಗ ಅವಳು ತನ್ನ ನಿಜವಾದ ಕಾಲಿನಲ್ಲಿ ಇಳಿಯುತ್ತಿದ್ದಳು.

ಒಳಗೆ ಕರೆದು ನೀರು ಕೊಟ್ಟೆ. ಸೀರೆ ಸ್ವಲ್ಪ ಎತ್ತಿಸಿ ನೋಡಿದರೆ ಮೊಣಕಾಲು ಊದಿ, ಒಳಕ್ಕೆ ಬಾಗಿ, ನನ್ನದಕ್ಕಿಂತ ಕೆಟ್ಟು ಹೋಗಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಯಾರು ಲೆಕ್ಕ ಇಟ್ಟಾರ ಎಂದಳು. ಡಾಕ್ಟರಿಗೆ ತೋರಿಸಿಲ್ಲ. ತೋರಿಸಿದರೆ ಕೆಲಸ ಬಿಡು ಅಂತಾರೆ, ಅದು ಅವಳಿಗೆ ತೋರಿಸದೆಯೂ ಗೊತ್ತು. ನೀರಿನ ಲೋಟ ಕೆಳಗಿಟ್ಟು ಅವಳು ನನ್ನ ಕೈ ಹಿಡಿದುಕೊಂಡಳು.

"ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ಒಂದ ಮನಿಗೆ ಗೊತ್ತಾತಂದ್ರ ಏಳೂ ಮನಿ ಹೋಗ್ತಾವ."

ಹೇಳುವುದಿಲ್ಲ ಮಾರಾಯ್ತಿ ಎಂದೆ. ಆಣೆ ಮಾಡಿದ ಹಾಗೆಯೇ ಹೇಳಿದೆ.

ಅಂದಿನಿಂದ ಅವಳಿಗೆ ಪಾಠ ಶುರು. ಶಾಲೆ ಮುಚ್ಚಿದ ಮೇಲೆ ನನಗೆ ಸಿಕ್ಕಿದ ಮೊದಲ ವಿದ್ಯಾರ್ಥಿ, ಬಿಡುತ್ತೇನೆಯೇ. ನಮ್ಮದು ಅವಳ ಕೊನೆಯ ಮನೆ, ಕೆಲಸ ಮುಗಿದ ಮೇಲೆ ಹದಿನೈದು ನಿಮಿಷ. ಮಂಚದ ಮೇಲೆ ಮಲಗು ಎಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಾನೇ ಒರೆಸಿದ ನೆಲದ ಮೇಲೆ ಮಲಗಿದಳು. ಟವೆಲ್ ಸುತ್ತಿ ಇಟ್ಟೆ, ಒತ್ತಿದಳು, ನಾನು ಹತ್ತು ಎಣಿಸಿದೆ. ಎಲ್ಲ ಸರಿಯಾಯಿತು, ಆದರೆ ಏಳಲು ಆಗಲಿಲ್ಲ. ಕೈ ಹಿಡಿದು ಎಬ್ಬಿಸೋಣವೆಂದರೆ ನಾನು ಬಗ್ಗುವ ಹಾಗಿಲ್ಲ. ಅವಳು ಕೆಳಗಿನಿಂದ ಕೈ ಚಾಚುತ್ತಾಳೆ, ನಾನು ಮೇಲಿನಿಂದ ಚಾಚುತ್ತೇನೆ, ನಡುವೆ ಒಂದು ಮೊಳ ಬಾಕಿ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಡೆಗೆ ಕುರ್ಚಿ ತಳ್ಳಿಕೊಟ್ಟೆ, ಅದನ್ನು ಹಿಡಿದು ಎದ್ದಳು. ಏಳುವಾಗ ಅವಳ ಮುಖ ನೋಡಿ ನನ್ನ ನಗು ನಿಂತಿತು.

ಬಾಗಿಲ ಹಿಂದಿನ ಮಾಪನ್ನೂ ಹೊರಗೆ ತೆಗೆದೆ. ಇನ್ನು ನಮ್ಮ ಮನೆಯಲ್ಲಿ ನಿಂತೇ ಒರೆಸಬೇಕು ಎಂದು ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ, ನನ್ನನ್ನು ಪರೀಕ್ಷೆ ಮಾಡುತ್ತೀರಾ ಅಕ್ಕಾರ ಎಂದು ಕೇಳಿದಳು. ಎರಡು ವಾರ ನಿಂತು ಒರೆಸಿದಳು. ನಾನು ಸೋಫಾದಲ್ಲಿ ಕೂತು ನೆಲದ ಮೇಲಿನ ಒದ್ದೆ ಗೆರೆಗಳನ್ನು ನೋಡುತ್ತಿದ್ದೆ. ಕಪಾಟಿನ ಬುಡದಲ್ಲಿ ಧೂಳು ಹಾಗೆಯೇ ಉಳಿಯುತ್ತಿತ್ತು. ಹೇಳಬಾರದು, ಹೇಳಬಾರದು ಎಂದುಕೊಂಡೇ ಮೂರನೇ ವಾರ ಬಾಯಿಂದ ಬಂದೇಬಿಟ್ಟಿತು, ಆ ಮೂಲೆ ಒಂದು ಸ್ವಲ್ಪ. ಅವಳು ಕೋಲನ್ನು ಗೋಡೆಗೆ ಒರಗಿಸಿ, ಕೂತು ಆ ಮೂಲೆಯನ್ನು ಕೈಯಿಂದ ಒರೆಸಿ ಎದ್ದಳು. ನನಗೆ ನಾಚಿಕೆಯಾಯಿತು. ಮೂಲೆ ಸ್ವಚ್ಛವಾದದ್ದಕ್ಕೆ ಸಮಾಧಾನವೂ ಆಯಿತು.

ಒಂದು ಮನೆಯಲ್ಲಿ ನಿಂತು ಒರೆಸಿ ಆರು ಮನೆಯಲ್ಲಿ ಕೂತು ಒರೆಸಿದರೆ ಏನು ಬಂತು. ಉಳಿದವರೂ ಮಾಪು ಇಡಬೇಕು, ಅವರೆಲ್ಲ ಕೈಯಿಂದ ಒರೆಸುವ ಹಟ ಹಿಡಿದದ್ದೇ ನನ್ನನ್ನು ನೋಡಿ, ಆದ್ದರಿಂದ ಬಿಡಿಸುವುದೂ ನನ್ನ ಜವಾಬ್ದಾರಿ. ಹೀಗೆ ಯೋಚಿಸಿದೆ. ಇಲ್ಲಿಯವರೆಗೆ ಯೋಚನೆ ಸರಿಯಾಗಿಯೇ ಇತ್ತು.

ಸಂಕ್ರಾಂತಿ ಬಂತು. ಈ ಊರಲ್ಲಿ ಸಂಕ್ರಾಂತಿ ಆದ ಮೇಲೆ ಮನೆಮನೆಯಲ್ಲಿ ಹಳದಿ ಕುಂಕುಮ. ಕರೆದ ಹೆಂಗಸರಿಗೆಲ್ಲ ಎಳ್ಳುಂಡೆಯ ಜೊತೆ ಒಂದು ಸಣ್ಣ ಸಾಮಾನು ಕೊಡಬೇಕು, ಅದಕ್ಕೆ ವಾಣ ಎನ್ನುತ್ತಾರೆ. ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ ಜರಡಿ, ಸೋಪಿನ ಡಬ್ಬಿ, ಹೀಗೆ. ನಮ್ಮ ಕಡೆ ಇಲ್ಲದ ಪದ್ಧತಿಯಾದರೂ ಇಪ್ಪತ್ತು ವರ್ಷದಿಂದ ನಾನೂ ಮಾಡಿಕೊಂಡು ಬಂದಿದ್ದೆ. ಆ ವರ್ಷ ಮಾರಾಯ್ತಿ ಕೆಲಸ ಮಾಡುವ ಆರು ಮನೆಯ ಹೆಂಗಸರನ್ನು ಕರೆದೆ, ವಾಣಕ್ಕೆ ಆರು ಕೋಲಿನ ಮಾಪು ತರಿಸಿದೆ. ಗಂಡ ಕಲ್ಯಾಣದ ಮಾರ್ಕೆಟ್ಟಿನಿಂದ ಆರು ಕೋಲನ್ನೂ ಕಟ್ಟಿಸಿ, ಹೆಗಲ ಮೇಲೆ ಹೊತ್ತು, ಲೋಕಲ್ ಟ್ರೇನಿನಲ್ಲಿ ಎಲ್ಲರ ಬೈಗುಳ ತಿಂದು ತಂದಿದ್ದರು. ಹಳದಿ ಕುಂಕುಮಕ್ಕೆ ಪೊರಕೆ ಕೊಡುವವಳನ್ನು ಮದುವೆಯಾದೆನಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದರಂತೆ.

ಸಂಜೆ ಹೆಂಗಸರು ಬಂದರು. ಒಬ್ಬೊಬ್ಬರ ಕೈಗೂ ಎಳ್ಳುಂಡೆಯ ಜೊತೆ ಆಳೆತ್ತರದ ಕೋಲು ಕೊಟ್ಟಾಗ ಮನೆಯೆಲ್ಲ ನಗು. ಎದುರು ಮನೆಯವರು ಕೋಲು ಹಿಡಿದು ನಿಂತು, ಟೀಚರ್ ನಮ್ಮನ್ನು ಪಹರೆಗೆ ನಿಲ್ಲಿಸಿದರು ಎಂದರು. ಮತ್ತೆ ಇನ್ನೊಬ್ಬರು ಕೇಳಿದರು, ಕೈಯಿಂದ ಒರೆಸದಿದ್ದರೆ ನೆಲವೇ ಅಲ್ಲ ಎನ್ನುತ್ತಿದ್ದವರು ನೀವು, ನಿಮಗೆ ಏನಾಯಿತು ಈಗ.

ನನಗೆ ಮೊಣಕಾಲು ನೋವು, ಅದಕ್ಕೇ ಎನ್ನಬಹುದಿತ್ತು. ಹೊಸ ಫ್ಯಾಶನ್ನು ಎನ್ನಬಹುದಿತ್ತು. ಏನೂ ಹೇಳದೆ ನಗಬಹುದಿತ್ತು. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಕ್ಲಾಸಿನಲ್ಲಿ ನಿಂತವಳ ಹಾಗೆ ನಿಂತು ಹೇಳತೊಡಗಿದೆ. ನಮ್ಮೆಲ್ಲರ ಮನೆಯ ನೆಲಕ್ಕೋಸ್ಕರ ಒಬ್ಬಳ ಮೊಣಕಾಲು ಹೇಗಾಗಿದೆ, ಅವಳು ಮಧ್ಯಾಹ್ನ ಹೇಗೆ ಇಳಿಯುತ್ತಾಳೆ, ನಮ್ಮನ್ನು ಕಂಡರೆ ಹೇಗೆ ಓಡುತ್ತಾಳೆ, ಎಲ್ಲ. ಚೆನ್ನಾಗಿಯೇ ಹೇಳಿದೆ. ಒಬ್ಬರಿಬ್ಬರ ಕಣ್ಣಲ್ಲಿ ನೀರು ಬಂತು. ಅಯ್ಯೋ ಪಾಪ ಎಂದರು. ನಿಮ್ಮ ಮನಸ್ಸು ಎಷ್ಟು ದೊಡ್ಡದು ಟೀಚರ್ ಎಂದು ಎದುರು ಮನೆಯವರು ನನ್ನ ಕೈ ಒತ್ತಿದರು. ಎಲ್ಲರೂ ಕೋಲು ಹಿಡಿದು ಸಾಲಾಗಿ ತಮ್ಮ ತಮ್ಮ ಮನೆಗೆ ಹೋದರು. ಕೊಟ್ಟ ಮಾತು ನೆನಪಾದದ್ದು ಬಾಗಿಲು ಹಾಕಿದ ಮೇಲೆ. ಆಗಲೂ, ಒಳ್ಳೆಯದಕ್ಕೇ ಅಲ್ಲವೇ ಹೇಳಿದ್ದು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಮೊದಲ ಮನೆ ಹೋದದ್ದು ನಾಲ್ಕನೇ ದಿನ. ಆ ಮನೆಯವರು ಯಾರೂ ಗದರಿಸಲಿಲ್ಲ, ತಪ್ಪು ಹೊರಿಸಲಿಲ್ಲ. ಪಾಪ, ಇಷ್ಟು ನೋವಿಟ್ಟುಕೊಂಡು ನಾಲ್ಕು ಮಾಳಿಗೆ ಯಾಕೆ ಹತ್ತುತ್ತೀ, ಸ್ವಲ್ಪ ದಿನ ಆರಾಮ ತಗೋ ಎಂದರಂತೆ. ಎರಡನೆಯವರು, ನಮ್ಮ ಮೆಟ್ಟಿಲಲ್ಲಿ ಬಿದ್ದುಗಿದ್ದರೆ ಏನು ಗತಿ ಎಂದು ಹೆದರಿದರು. ಮೂರನೆಯವರು, ಊರಿನಿಂದ ಸಂಬಂಧದ ಹೆಂಗಸೊಬ್ಬಳು ಬಂದಿದ್ದಾಳೆ, ಕೆಲಸಕ್ಕೆ ಸದ್ಯ ಅವಳೇ ಸಾಕು ಎಂದರು. ಎದುರು ಮನೆಯವರು ಎಲ್ಲಕ್ಕಿಂತ ಸಭ್ಯರು. ಒಂದು ಹಳೆಯ ಸೀರೆ, ನೋವಿನ ಎಣ್ಣೆಯ ಶೀಷೆ ಕೊಟ್ಟು, ಗುಣವಾದ ಮೇಲೆ ಬಾ ಎಂದು ಕಳಿಸಿದರು. ಫೆಬ್ರವರಿ ಮುಗಿಯುವುದರೊಳಗೆ ಆರೂ ಮನೆ ಹೋಗಿ ನಮ್ಮದೊಂದೇ ಉಳಿಯಿತು. ಆರೂ ಮನೆಯಲ್ಲಿ ಹೊಸ ಬಾಯಿಗಳು ಬಂದರು. ನಾನು ಕೊಟ್ಟ ಮಾಪುಗಳು ಬಾಗಿಲ ಹಿಂದೆ ನಿಂತವು.

ಅವಳು ನನ್ನ ಹತ್ತಿರ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಂದು ದಿನ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, ನೀವೇ ಹೇಳಿದಿರಂತೆ, ಹೌದೇನು. ಹೌದು ಎಂದೆ. ನಿನ್ನ ಒಳ್ಳೆಯದಕ್ಕೆ ಅಂತ ಹೇಳಿದ್ದು ಮಾರಾಯ್ತಿ ಎಂದು ಸೇರಿಸಿದೆ. ಅವಳು ಕೈ ಒರೆಸಿದ ಬಟ್ಟೆಯನ್ನು ಮೊಳೆಗೆ ತೂಗುಹಾಕಿದಳು.

"ಬ್ಯಾನಿ ನಂದಿತ್ರಿ ಅಕ್ಕಾರ. ನೀವ್ಯಾಕ ಹಂಚಿದ್ರಿ?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ಈ ಪ್ರಶ್ನೆಗೆ ಇಂದಿಗೂ ಉತ್ತರ ಬರೆಯಲಾಗಿಲ್ಲ.

ಮರುದಿನ ಆರೂ ಮನೆಗೆ ಹೋದೆ. ಕೆಳಗಿನ ಮಾಳಿಗೆಯಿಂದ ಶುರು ಮಾಡಿ ಮೇಲಕ್ಕೆ, ಗಟ್ಟಿ ಕಾಲು ಮೊದಲು, ಕಂಬಿ ಹಿಡಿದು. ನಾನು ಸ್ವಲ್ಪ ಹೆಚ್ಚು ಮಾಡಿ ಹೇಳಿದ್ದು, ಅಷ್ಟೇನೂ ನೋವಿಲ್ಲ ಅವಳಿಗೆ ಎಂದು ಸುಳ್ಳು ಹೇಳಿದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟರು. ನಿಮ್ಮ ಮನಸ್ಸು ದೊಡ್ಡದು ಎಂದು ಮತ್ತೆ ಹೇಳಿದರು. ಹೊಸಬಳನ್ನು ಬಿಡಿಸುವುದು ಹೇಗೆ ಟೀಚರ್, ಅವಳದೂ ಹೊಟ್ಟೆಯಲ್ಲವೇ ಎಂದರು. ಅದೂ ಸುಳ್ಳಲ್ಲ. ಆರನೇ ಮನೆಯಿಂದ ಇಳಿಯುವಾಗ ನನ್ನ ಮೊಣಕಾಲಿಗೆ ಸಾಕಾಗಿಹೋಗಿತ್ತು. ರಾತ್ರಿಗೆ ತೆಂಗಿನಕಾಯಿಯಷ್ಟು ಊದಿತು. ಹತ್ತು ದಿನ ಮಂಚ ಬಿಡಲಿಲ್ಲ. ಆ ಹತ್ತು ದಿನವೂ ಮಾರಾಯ್ತಿ ಠಾಕುರ್ಲಿಯಿಂದ ನಡೆದು ಬಂದು, ನಮ್ಮ ಒಂದೇ ಮನೆಗಾಗಿ ಐವತ್ತೆರಡು ಮೆಟ್ಟಿಲು ಹತ್ತಿ, ನನಗೆ ಬಿಸಿನೀರಿನ ಶಾಖ ಕೊಟ್ಟು ಹೋದಳು. ಈಗ ಓಡುವ ಹಂಗಿರಲಿಲ್ಲ. ಬಾಗಿಲು ತೆರೆದಿದ್ದರೂ ಅಡ್ಡಡ್ಡವೇ ಇಳಿಯುತ್ತಿದ್ದಳು. ಮಲಗಿದಲ್ಲಿಂದ ನನಗೆ ಐವತ್ತೆರಡೂ ಕೇಳಿಸುತ್ತಿತ್ತು.

ಬೇರೆ ಬಿಲ್ಡಿಂಗುಗಳಲ್ಲಿ ಕೆಲಸ ಕೇಳಿದಳು. ಆದರೆ ಕೆಲಸದವರ ಸುದ್ದಿ ನಮ್ಮಲ್ಲಿ ಕಾಲಿಗಿಂತ ಬೇಗ ಓಡುತ್ತದೆ. ಹೋದಲ್ಲೆಲ್ಲ ಮೊದಲು ಅವಳ ಮೊಣಕಾಲನ್ನೇ ನೋಡುತ್ತಿದ್ದರಂತೆ. ಮಳೆ ಶುರುವಾಗುವ ಮೊದಲು ಚಾಳಿನ ಮನೆ ಬಿಟ್ಟು ಗಂಡನಿದ್ದ ಕಳಂಬೋಲಿಗೆ ಹೊರಟಳು. ಅಲ್ಲಿ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಚೂರುಪಾರು ಆರಿಸುವ ಕೆಲಸ ಸಿಗುತ್ತದಂತೆ. ನಿಂತು ಮಾಡುವ ಕೆಲಸವೇ ಎಂದು ಆಸೆಯಿಂದ ಕೇಳಿದೆ. ಕುಂತು ಆರಿಸೋದು ಎಂದಳು. ನನ್ನ ಟವೆಲೊಂದನ್ನು ಸುರುಳಿ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ಎರಡು ಕಡೆ ಹೊಲಿದು ಅವಳಿಗೆ ಕೊಟ್ಟೆ. ಬೇರೆ ಏನು ಕೊಡಬೇಕೆಂದು ಗೊತ್ತಾಗಲಿಲ್ಲ.

ಎರಡು ಮೂರು ವರ್ಷದ ಮೇಲೆ ನಾವೂ ಡೊಂಬಿವಲಿ ಬಿಟ್ಟೆವು. ಮಗಳು ಹಟ ಹಿಡಿದು ಕೋಪರಖೈರಣೆಯಲ್ಲಿ ತನ್ನ ಮನೆಯ ಹತ್ತಿರ, ಲಿಫ್ಟಿರುವ ಬಿಲ್ಡಿಂಗಿಗೆ ಕರೆಸಿಕೊಂಡಳು. ಥಾಣೆ ಸ್ಟೇಷನ್ನಿಗೂ ತಾನೇ ಹತ್ತುವ ಮೆಟ್ಟಿಲು ಬಂತು, ನನಗೆ ಬೇಕಾಗಿದ್ದ ಕಾಲದಲ್ಲಿ ಬರಲಿಲ್ಲ. ವ್ಯಾಯಾಮ ಬಿಟ್ಟಿಲ್ಲ. ಫಿಸಿಯೋ ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿದೆ. ನೋವು ಹೋಗಿಲ್ಲ, ಓಡಾಡಿಕೊಂಡಿದ್ದೇನೆ. ಯಾತಕ್ಕಾಗಿ ಓಡಾಡುತ್ತಿದ್ದೇನೆ ಎಂದು ಕೆಲವು ದಿನ ತಿಳಿಯುವುದಿಲ್ಲ. ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಸೋಫಾಕ್ಕೆ. ಇಲ್ಲಿ ಲಿಫ್ಟಿನ ಬಾಗಿಲು ಮುಚ್ಚುವ ಸದ್ದು ಬಿಟ್ಟರೆ ಯಾರ ಹೆಜ್ಜೆಯೂ ಕೇಳಿಸುವುದಿಲ್ಲ.

ಇಲ್ಲಿಯೂ ಕೆಲಸಕ್ಕೆ ಒಬ್ಬಳು ಬರುತ್ತಾಳೆ. ಮೊದಲ ದಿನ ಕೈಯಿಂದಲೋ ಮಾಪಿನಿಂದಲೋ ಎಂದು ಕೇಳಿದಳು, ಮಾಪಿನಿಂದ ಎಂದೆ, ಮನಸ್ಸಿನಿಂದಲೇ ಹೇಳಿದೆ. ಕೆಲವು ತಿಂಗಳು ಹಾಗೆಯೇ ನಡೆಯಿತು. ಆಮೇಲೆ ದೀಪಾವಳಿಗೆ ಒಂದು ಸಲ ಮಾತ್ರ ಕೈಯಿಂದ ಎಂದೆ. ಆಮೇಲೆ ಮಗಳ ಅತ್ತೆ ಮನೆಯವರು ಬರುವ ದಿನ. ಆಮೇಲೆ ದೇವರ ಮೂಲೆ ಮಾತ್ರ. ಮಾಪು ಯಾವ ದಿನದಿಂದ ಬಾಗಿಲ ಹಿಂದೆ ಹೋಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವಳು ಪ್ರಾಯದವಳು, ಅವಳ ಕಾಲು ಗಟ್ಟಿಯಿದೆ ಎಂದು ಮನಸ್ಸಿಗೆ ಹೇಳಿಕೊಂಡದ್ದು ಮಾತ್ರ ನೆನಪಿದೆ. ಮಾರಾಯ್ತಿಯೂ ನಮ್ಮ ಮನೆಗೆ ಬಂದಾಗ ಪ್ರಾಯದವಳೇ ಆಗಿದ್ದಳು.

ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅಕ್ಕಾರ ಎಂಬ ಒಂದೇ ಶಬ್ದಕ್ಕೆ ಗುರುತು ಸಿಕ್ಕಿತು. ಹಿಂದಿನಿಂದ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು. ಕೋಪ ಇರಲಿಲ್ಲ ಅವಳ ದನಿಯಲ್ಲಿ. ಎಡಗಾಲು ಮಡಚುವುದೇ ಇಲ್ಲ ಈಗ, ಕಾಲು ಚಾಚಿಕೊಂಡೇ ಕೂತು ಆರಿಸುತ್ತೇನೆ ಎಂದಳು. ಟವೆಲ್ ಇನ್ನೂ ಇದೆಯಂತೆ, ಆದರೆ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಾಲು ಚಾಚುವಷ್ಟು ಜಾಗವಿಲ್ಲ, ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಾಳಂತೆ. ಎಷ್ಟು ಎಣಿಸಬೇಕಿತ್ತು ಅಕ್ಕಾರ, ಮರೆತೇಹೋಗಿದೆ ಎಂದಳು. ಹತ್ತು ಎಂದೆ. ನಿಮ್ಮ ಕಾಲು ಹೇಗಿದೆ ಎಂದು ವಿಚಾರಿಸಿದಳು, ಇದ್ದ ಹಾಗೇ ಇದೆ ಎಂದೆ. ಈಗ ಮನೆಗೆಲಸಕ್ಕೆ ಯಾರು ಬರುತ್ತಾರೆ ಎಂದು ಕೇಳಿದಳು, ಒಬ್ಬಳು ಇದ್ದಾಳೆ ಎಂದೆ.

"ಆಕಿ ಕುಂತು ಒರಸ್ತಾಳೇನ್ರಿ?"

ಅಡುಗೆಮನೆಯಲ್ಲಿ ಬಟ್ಟೆ ಹಿಂಡಿದ ಸದ್ದು ಕೇಳಿಸಿತು. ಆಮೇಲೆ, ಕೂತಲ್ಲಿಂದಲೇ ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಳ್ಳುವ ಸದ್ದು.

"ಇಲ್ಲ ಮಾರಾಯ್ತಿ, ಮಾಪು," ಎಂದೆ.

ಚಲೋ ಆತು ಎಂದಳು. ನಾನು ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು, ಬಕೆಟ್ಟಿನ ಸದ್ದು ನಿಲ್ಲುವವರೆಗೆ ಹಾಗೆಯೇ ಕೂತಿದ್ದೆ.